ನಸುಕಿನ ಮೂರಕ್ಕೆ ಎಚ್ಚರವಾಗುವವರು ಯಾವಾಗ ನಡೆಯಬೇಕು?

ಸಂಜೆ ಏಳಕ್ಕೇ ತೂಕಡಿಕೆ, ನಸುಕಿನ ಮೂರಕ್ಕೆ ಎಚ್ಚರ. ವಯಸ್ಸಾದಂತೆ ದೇಹದ ಗಡಿಯಾರ ಮುಂದೆ ಸರಿದು ನಿದ್ದೆ, ಎಚ್ಚರ ಎರಡೂ ಬೇಗ ಬರುವುದರಿಂದ ಹಲವರಿಗೆ ಹೀಗಾಗುತ್ತದೆ. ಹೇಗೂ ಎಚ್ಚರವಾಗಿದೆಯಲ್ಲ ಎಂದು ಅವರು ಬೆಳಕು ಹರಿಯುತ್ತಲೇ ವಾಕಿಂಗ್ ಹೊರಡುತ್ತಾರೆ. ಆದರೆ ಮುಂಜಾನೆಯ ಬೆಳಕು ಆ ಗಡಿಯಾರವನ್ನು ಇನ್ನೂ ಮುಂದಕ್ಕೆ ತಳ್ಳುತ್ತದೆ. ಇಂಥವರು ಸಂಜೆ, ಇನ್ನೂ ಬಿಸಿಲಿರುವಾಗ ನಡೆಯಲಿ. ರಾತ್ರಿ ಬಹಳ ಹೊತ್ತು ನಿದ್ದೆ ಹತ್ತದವರಿಗೆ ಬೆಳಗಿನ ನಡಿಗೆಯೇ ಸರಿ.

ವೇಗ ಎಷ್ಟಿರಬೇಕು? ನಡೆಯುತ್ತ ಮಾತಾಡಲು ಆಗಬೇಕು, ಹಾಡಲು ಆಗಬಾರದು. ನಾಡಿ ಎಣಿಸುವುದಕ್ಕಿಂತ ಈ ಅಳತೆ ಮೇಲು. ರಕ್ತದೊತ್ತಡ, ಹೃದಯದ ತೊಂದರೆಗೆ ಕೊಡುವ ಬೀಟಾ ಬ್ಲಾಕರ್ ಮಾತ್ರೆ ತೆಗೆದುಕೊಳ್ಳುವವರಲ್ಲಿ ಎಷ್ಟು ಬಿರುಸಾಗಿ ನಡೆದರೂ ನಾಡಿ ಹೆಚ್ಚು ಏರುವುದಿಲ್ಲ. 10 ನಿಮಿಷದಿಂದ ಶುರು ಮಾಡಿ, ವಾರಕ್ಕೆ 5 ನಿಮಿಷ ಸೇರಿಸುತ್ತ ದಿನಕ್ಕೆ 30 ನಿಮಿಷ ಮುಟ್ಟಿದರೆ, ಐದು ದಿನಕ್ಕೆ 150 ನಿಮಿಷವಾಯಿತು. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಕನಿಷ್ಠ ಪ್ರಮಾಣ ಅದೇ.

ನಡಿಗೆಯೊಂದರಿಂದ ತೊಡೆಯ ಬಲ ಉಳಿಯುವುದಿಲ್ಲ. ವಾರಕ್ಕೆ ಎರಡು ದಿನ, ಗೋಡೆಗೆ ತಾಗಿಸಿಟ್ಟ ಕುರ್ಚಿಯಿಂದ 8–10 ಬಾರಿ ಎದ್ದು ಕೂರಿ. ಕೂರುವಾಗ ಧೊಪ್ಪನೆ ಬೀಳದೆ ಮೂರು ಎಣಿಸುತ್ತ ಇಳಿಯಿರಿ. ತೊಡೆಗೆ ಕೆಲಸ ಸಿಗುವುದು ಅಲ್ಲೇ. ಉಸಿರು ಬಿಗಿಹಿಡಿದರೆ ರಕ್ತದೊತ್ತಡ ಏರುತ್ತದೆ.

ಇಂದು ನಡೆದು ಇಂದೇ ರಾತ್ರಿ ಫಲ ಹುಡುಕುವವರು ಬೇಗ ನಿರಾಶರಾಗುತ್ತಾರೆ. ನಿದ್ದೆ ಸುಧಾರಿಸಲು ಎರಡರಿಂದ ನಾಲ್ಕು ತಿಂಗಳು ಕೊಡಿ. ನಿದ್ದೆಗೆಟ್ಟ ಮರುದಿನ ವ್ಯಾಯಾಮ ಕೈಬಿಡುವುದೇ ದೊಡ್ಡ ತೊಡಕು. ಅಂದು ಹತ್ತೇ ನಿಮಿಷವಾದರೂ ಸರಿ, ಹೊರಡಿ. ಮನಸ್ಸು ಹಗುರಾಗುವುದು ಮಾತ್ರ ಎಷ್ಟೋ ಸಲ ಅದೇ ದಿನ ತಿಳಿಯುತ್ತದೆ.

ನೆನಪಿನ ವಿಷಯದಲ್ಲಿ ಅತಿ ಆಸೆ ಹುಟ್ಟಿಸುವುದು ತಪ್ಪು. 2011ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ 120 ಹಿರಿಯರಿದ್ದರು. ವರ್ಷವಿಡೀ ವಾರಕ್ಕೆ ಮೂರು ದಿನ, 40 ನಿಮಿಷದವರೆಗೆ ನಡೆದವರಲ್ಲಿ ನೆನಪಿಗೆ ಮುಖ್ಯವಾದ ಹಿಪ್ಪೊಕ್ಯಾಂಪಸ್ ಸುಮಾರು ಶೇ. 2ರಷ್ಟು ಹಿಗ್ಗಿತ್ತು, ಬರೀ ಮೈ ಸಡಿಲಿಸುವ ವ್ಯಾಯಾಮ ಮಾಡಿದವರಲ್ಲಿ ಅದು ಕುಗ್ಗಿತ್ತು. ಆದರೆ ನೆನಪಿನ ಪರೀಕ್ಷೆಯಲ್ಲಿ ಎರಡೂ ಗುಂಪು ಸುಧಾರಿಸಿದ್ದವು. ಹಿಗ್ಗಿದ ಮಾತ್ರಕ್ಕೆ ನೆನಪು ಮರಳುತ್ತದೆ ಎನ್ನುವಂತಿಲ್ಲ.

ಸಂಜೆ ನಡೆದು ಬಂದು ಮಲಗುವ ಮುನ್ನ ತಂಬಿಗೆ ನೀರು ಕುಡಿದರೆ ಮೂತ್ರಕ್ಕೆಂದು ಮತ್ತೆ ಎಚ್ಚರವಾಗುತ್ತದೆ. ನೀರನ್ನು ಹಗಲಿಗೆ ಹಂಚಿಕೊಳ್ಳಿ. ಇನ್ಸುಲಿನ್ ತೆಗೆದುಕೊಳ್ಳುವವರಿಗೆ ಸಂಜೆಯ ವ್ಯಾಯಾಮದಿಂದ ರಾತ್ರಿ ಸಕ್ಕರೆ ಕುಸಿಯಬಹುದು. ಬೆವೆತು ಎಚ್ಚರವಾದರೆ ಸಕ್ಕರೆ ಪರೀಕ್ಷಿಸಿ, ಇನ್ಸುಲಿನ್ ಪ್ರಮಾಣದ ಬಗ್ಗೆ ವೈದ್ಯರೊಡನೆ ಮಾತಾಡಿ. ಜೋರು ಗೊರಕೆಯ ನಡುವೆ ಉಸಿರು ನಿಲ್ಲುವುದನ್ನು ಮನೆಯವರು ಕಂಡಿದ್ದರೆ, ನಡಿಗೆಯ ಫಲಕ್ಕಾಗಿ ಕಾಯದೆ ಮೊದಲು ಅದರ ತಪಾಸಣೆ ಮಾಡಿಸಿ.