ನರ ತೆಗೆದ ಮೇಲೂ ಹಲ್ಲು ಯಾಕೆ ನೋಯುತ್ತೆ?

“ಡಾಕ್ಟ್ರ, ರೂಟ್ ಕೆನಾಲ್ ಮಾಡಿ ನರಾ ತಗದೇವಿ ಅಂತೀರಿ. ಮತ್ತ ನೋವು ಯಾಕ ಬರತೈತ್ರಿ? ಬರಲಾರದಂಗ ಏನ್ ಮಾಡಬೇಕು?”

ಹುಬ್ಬಳ್ಳಿಯಲ್ಲಿ ಈ ಪ್ರಶ್ನೆಗೆ ಉತ್ತರ ಹೇಳಿ ಹೇಳಿ ನನ್ನ ದವಡೆಯೇ ನೋಯುತ್ತಿದೆ. ಬರೆದೇ ಇಡುತ್ತೇನೆ.

ನಾವು ತೆಗೆದದ್ದು ಹಲ್ಲಿನ ಒಳಗಿನ ನರ. ಬೇರನ್ನು ಎಲುಬಿಗೆ ಹಿಡಿದಿಟ್ಟ ತೆಳು ಪೊರೆಗೆ ಬೇರೆಯೇ ನರಗಳಿವೆ. ಒಳಗೆ ಸ್ವಚ್ಛ ಮಾಡುವಾಗ ಬೇರಿನ ತುದಿಯಲ್ಲಿ ಆ ಪೊರೆ ಕೆರಳುತ್ತದೆ. ಮೊದಲ ಎರಡು ದಿನ ನೋವು ಜಾಸ್ತಿ, ಸಾಮಾನ್ಯವಾಗಿ ವಾರದೊಳಗೆ ಇಳಿಯುತ್ತದೆ.

ಇಂಜೆಕ್ಷನ್ನಿನ ಜೋಮು ಬಿಡುವ ಮೊದಲೇ, ಡಾಕ್ಟರು ಹೇಳಿದ ನೋವಿನ ಗುಳಿಗೆ ನುಂಗಿ. ಹೊಟ್ಟೆ ಹುಣ್ಣು, ಕಿಡ್ನಿ ತೊಂದರೆ, ಅಸ್ತಮಾ ಇದ್ದರೆ, ಬಸುರಿಯಾಗಿದ್ದರೆ ಮುಂಚೆಯೇ ಹೇಳಿ. ಐಬುಪ್ರೊಫೆನ್ ಎಂಬ ನೋವಿನ ಗುಳಿಗೆ ಎಲ್ಲರಿಗೂ ಆಗುವುದಿಲ್ಲ. ಕಚ್ಚಿದಾಗ ಆ ಹಲ್ಲೇ ಮೊದಲು ತಾಗಿದರೆ ಮರುದಿನ ಬನ್ನಿ, ಎತ್ತರವಾದ ಜಾಗವನ್ನು ನಾವು ತುಸು ಉಜ್ಜಿದರೆ ಸಾಕು.

ಇಷ್ಟು ಹೇಳಿದರೂ ಬಾಗಿಲಲ್ಲಿ ನಿಂತು ಕೇಳುತ್ತಾರೆ: “ಆ್ಯಂಟಿಬಯೋಟಿಕ್ ಬರದಿಲ್ಲಲ್ರಿ?” ಬರೆಯದ ಡಾಕ್ಟರಿಗೆ ಏನೂ ಗೊತ್ತಿಲ್ಲ ಅಂತ ಊರ ತೀರ್ಮಾನ. ಕೆಲವರು ಸೀದಾ ಮೆಡಿಕಲ್ ಅಂಗಡಿಗೆ ಹೋಗಿ ಮೂರು ದಿನದ್ದು ಕಟ್ಟಿಸಿಕೊಳ್ಳುತ್ತಾರೆ. ನೋಡಿ, ಅದು ಕೊಲ್ಲುವುದು ಬ್ಯಾಕ್ಟೀರಿಯಾವನ್ನು, ನೋವನ್ನಲ್ಲ. ಅದೂ ರಕ್ತದ ಜೊತೆ ಹೋಗಬೇಕು. ನರ ತೆಗೆದ ಹಲ್ಲಿನೊಳಗೆ ರಕ್ತವೇ ಹರಿಯುವುದಿಲ್ಲ. ಪೈಪ್ ಕಿತ್ತ ಮನೆಗೆ ನಳದ ನೀರು ಬರುತ್ತಾ?

“ಹ್ವಾದ ಸಲ ತಗೊಂಡಿದ್ದೆ, ಮೂರ ದಿನಕ್ಕ ಕಡಿಮಿ ಆತಲ್ರಿ!” ಆಗದೆ ಏನು? ಸುಮ್ನೆ ಕೂತಿದ್ದರೂ ಮೂರು ದಿನಕ್ಕೆ ಕಡಿಮೆ ಆಗುತ್ತಿತ್ತು. ಹೆಸರು ಮಾತ್ರ ಗುಳಿಗೆಗೆ ಬಂತು. ಹಲ್ಲಿನ ನರದ, ಬೇರಿನ ತುದಿಯ ನೋವಿಗೆ ಸಾಮಾನ್ಯವಾಗಿ ಆ್ಯಂಟಿಬಯೋಟಿಕ್ ಬೇಡ, ಹಲ್ಲಿಗೇ ಚಿಕಿತ್ಸೆ ಮಾಡಿ ಅಂತ ಅಮೆರಿಕದ ದಂತವೈದ್ಯರ ಸಂಘ 2019ರಲ್ಲೇ ಹೇಳಿದೆ. ಬಾವು ಏರುತ್ತಿದ್ದರೆ, ಜ್ವರ ಬಂದರೆ, ಬಾಯಿ ತೆರೆಯಲು, ನುಂಗಲು ಕಷ್ಟವಾದರೆ ಮಾತು ಬೇರೆ. ಆಗ ತಡಮಾಡದೆ ಬನ್ನಿ, ನಾನೇ ಬರೆಯುತ್ತೇನೆ.

ಯಾರೂ ಕೇಳದ ಇನ್ನೊಂದು ಪ್ರಶ್ನೆ ಇದೆ: ಹಲ್ಲಿನ ಮೇಲೆ ಕೂರಿಸುವ ಗಟ್ಟಿ ಕವಚ, ಅಂದರೆ ಕ್ಯಾಪ್, ಯಾವಾಗ? ನೋವು ಹೋದ ಕೂಡಲೇ ಜನ ನಾಪತ್ತೆ. ಹುಳುಕು ತಿಂದು, ನಾವೂ ಕೊರೆದು, ದವಡೆ ಹಲ್ಲಿನ ಗೋಡೆ ತೆಳುವಾಗಿರುತ್ತದೆ. ಕ್ಯಾಪ್ ಕೂರುವ ತನಕ ಆ ಕಡೆ ಖಡಕ್ ರೊಟ್ಟಿ ಬೇಡ. ನಾಗರ ಪಂಚಮಿಯ ಉಂಡಿ ಕಡಿದು, ಬೇರಿನ ತನಕ ಸೀಳಿದ ಹಲ್ಲು ಹಿಡಿದು ಬರುವವರು ಪ್ರತಿ ವರ್ಷ ಇರುತ್ತಾರೆ. ಅದನ್ನು ಕೀಳುವುದು ಬಿಟ್ಟು ನನಗೆ ಬೇರೆ ದಾರಿ ಇರುವುದಿಲ್ಲ.