ಹಾರ್ನ್ ಊದದೆ ಏರಿದ ಎಕ್ಸ್ ಬಾವುಟ

ಹಾಯಿದೋಣಿ ರೇಸಿನಲ್ಲಿ ಅದನ್ನು ನಡೆಸುವ ರೇಸ್ ಕಮಿಟಿ ತಪ್ಪು ಮಾಡಿದರೆ ಅದರ ಮೇಲೆ ಪ್ರೊಟೆಸ್ಟ್ (ನಿಯಮ ಮುರಿದ ದೋಣಿಯ ಮೇಲಿನ ದೂರು) ಹಾಕಲು ಬರುವುದಿಲ್ಲ. ಆ ತಪ್ಪಿಗೆ ಇರುವ ದಾರಿ ರಿಡ್ರೆಸ್, ಅಂದರೆ ಆದ ನಷ್ಟಕ್ಕೆ ಅರ್ಜಿ ಹಾಕಿ ಪಡೆಯುವ ಪರಿಹಾರ. 2021–2024ರ ನಿಯಮಪುಸ್ತಕದಲ್ಲಿ ಇದು 62ನೇ ನಿಯಮವಾಗಿತ್ತು, 2025–2028ರದ್ದರಲ್ಲಿ 61ಕ್ಕೆ ಸರಿದಿದೆ. ಹಳೆಯ ಸಂಖ್ಯೆ ಬರೆದ ಅರ್ಜಿ ಅಷ್ಟಕ್ಕೇ ಬಿದ್ದುಹೋಗುವುದಿಲ್ಲ. ಏನಾಯಿತು ಎಂಬುದು ಸ್ಪಷ್ಟವಾಗಿದ್ದರೆ ಸಾಕು.

ಅರ್ಜಿ ಬೀಳುವುದು ಬೇರೆ ಕಡೆ. ಕಮಿಟಿ ಮಾಡಬಾರದ್ದನ್ನು ಮಾಡಿತು ಅಥವಾ ಮಾಡಬೇಕಾದ್ದನ್ನು ಬಿಟ್ಟಿತು ಎಂದು ತೋರಿಸಲು ಎಲ್ಲರೂ ತಯಾರಾಗಿ ಬರುತ್ತಾರೆ. ಅದರಿಂದ ತಮ್ಮ ಸ್ಥಾನವೋ ಅಂಕವೋ ಗಣನೀಯವಾಗಿ ಕೆಟ್ಟಿತು, ಅದರಲ್ಲಿ ತಮ್ಮ ತಪ್ಪೇನೂ ಇಲ್ಲ ಎಂಬ ಇನ್ನೆರಡಕ್ಕೆ ಮಾತ್ರ ಉತ್ತರವಿರುವುದಿಲ್ಲ.

ಸ್ಟಾರ್ಟ್ ಲೈನಿನಲ್ಲಿ ನಡೆಯುವುದನ್ನೇ ನೋಡಿ. ದೋಣಿಯೊಂದು ಸಮಯಕ್ಕೆ ಮೊದಲೇ ಲೈನ್ ದಾಟಿದೆ. ಹಿಂತಿರುಗಿ ಸರಿಯಾಗಿ ಸ್ಟಾರ್ಟ್ ಮಾಡಿ ಎಂದು ಹೇಳುವ ಎಕ್ಸ್ ಬಾವುಟವನ್ನು ಕಮಿಟಿ ಏರಿಸುತ್ತದೆ, ಹಾರ್ನ್ ಊದುವುದಿಲ್ಲ. ಸ್ಟಾರ್ಟಿನ ಸಂಕೇತದಲ್ಲಾದರೆ ಹಾರ್ನ್ ಕೈಕೊಟ್ಟರೂ ಲೆಕ್ಕಕ್ಕಿಲ್ಲ, 26ನೇ ನಿಯಮದ ಪ್ರಕಾರ ಕಣ್ಣಿಗೆ ಕಾಣುವ ಸಂಕೇತದ್ದೇ ಸಮಯ. ಆದರೆ 29.1ರಲ್ಲಿ ಎಕ್ಸ್ ಬಾವುಟದ ಜೊತೆ ಒಂದು ಶಬ್ದ ಬೇಕೇ ಬೇಕು, ಏಕೆಂದರೆ ಸ್ಟಾರ್ಟ್ ಆದ ಕೂಡಲೇ ನಾವಿಕರ ಕಣ್ಣು ಮುಂದಿರುತ್ತದೆ, ಹಿಂದೆ ತಿರುಗಿ ನೋಡಿಸುವುದು ಆ ಶಬ್ದವೇ. ಹಾಗಾಗಿ ಶಬ್ದ ಕೇಳಿಸುವಷ್ಟು ಹತ್ತಿರವಿದ್ದು, ಬಾವುಟ ಕಾಣದೆ ಮುಂದೆ ಹೋದ ದೋಣಿಗೆ ರಿಡ್ರೆಸ್ ಸಿಗಬೇಕು ಎನ್ನುತ್ತದೆ ಈ ಆಟದ ಜಾಗತಿಕ ಸಂಸ್ಥೆ ವರ್ಲ್ಡ್ ಸೈಲಿಂಗ್‌ನ ಕೇಸ್ 31 (ನಿಯಮಗಳನ್ನು ವಿವರಿಸುವ ಅದರ ತೀರ್ಪುಗಳಲ್ಲೊಂದು). ಲೈನ್ ದಾಟಿದ್ದು ದೋಣಿಯವರಿಗೇ ಗೊತ್ತಿದ್ದರೆ ಕಥೆ ಬೇರೆ. ಹಾರ್ನ್ ಊದಲಿ ಬಿಡಲಿ, ಅವರು ಹಿಂತಿರುಗಬೇಕು. ವಿಚಾರಣೆಯಲ್ಲಿ ‘ಸ್ವಲ್ಪ ಮುಂದಿದ್ದೆವೇನೋ ಅನ್ನಿಸಿತ್ತು’ ಎಂದು ಬಾಯಿತಪ್ಪಿ ಹೇಳಿದವರ ಅರ್ಜಿ ಬಹುಮಟ್ಟಿಗೆ ಅಲ್ಲಿಗೇ ಮುಗಿಯುತ್ತದೆ.

ಬಾವುಟ ತಡವಾಗಿ ಏರಿದರೂ ಇದೇ ತರ್ಕ. ಸ್ಟಾರ್ಟ್ ಆಗಿ ಕೆಲವೇ ಸೆಕೆಂಡಿನೊಳಗೆ ಏರಬೇಕು, 40 ಸೆಕೆಂಡ್ ತೀರಾ ಹೆಚ್ಚಾಯಿತು ಎಂದು ಕೇಸ್ 79ರಲ್ಲಿದೆ. ಗಡಿಯಾರ ನೋಡಿಟ್ಟುಕೊಂಡವರ ಮಾತಿಗೆ ಇಲ್ಲಿ ತೂಕ ಹೆಚ್ಚು.

‘ನಾವು ಲೈನ್ ದಾಟಿರಲೇ ಇಲ್ಲ’ ಎಂಬ ವಾದ ಗೆಲ್ಲುವುದು ಕಷ್ಟ. ಲೈನಿನ ನೇರಕ್ಕೆ ನಿಂತು ನೋಡಿದವರು ಕಮಿಟಿಯವರು. ಲೈನಿನ ಎರಡೂ ತುದಿ ಒಂದೇ ನೇರದಲ್ಲಿ ಕಾಣದ ವಿಡಿಯೊದಿಂದ ಏನೂ ಸಾಬೀತಾಗುವುದಿಲ್ಲ. ನಮಗಿಂತ ಮುಂದಿದ್ದ ದೋಣಿಯನ್ನು ಹಿಂದಕ್ಕೆ ಕರೆದಿಲ್ಲ ಎಂದರೆ, ಅದನ್ನೂ ಕರೆಯಬೇಕಿತ್ತು ಎಂದಷ್ಟೇ ಅರ್ಥವಾಗಬಹುದು. ರೇಡಿಯೊದಲ್ಲಿ ಹೆಸರು ಕೂಗಲಿಲ್ಲ ಎಂದು ದೂರುವ ಮೊದಲು ಆ ಸ್ಪರ್ಧೆಯದೇ ಸೂಚನೆಗಳಿರುವ ಸೈಲಿಂಗ್ ಇನ್‌ಸ್ಟ್ರಕ್ಷನ್ಸ್ ತೆರೆದು ನೋಡಿ. ಅದು ರಿಡ್ರೆಸ್‌ಗೆ ಕಾರಣವಾಗದು ಎಂದು ಅಲ್ಲೇ ಬರೆದಿರುವುದುಂಟು.

ಅರ್ಜಿ ಬರಹದಲ್ಲಿರಬೇಕು, ಕಾರಣ ಹೇಳಿರಬೇಕು. ಪ್ರೊಟೆಸ್ಟ್‌ಗೆ ಏರಿಸುವ ಕೆಂಪು ಬಾವುಟ ಇಲ್ಲಿ ಬೇಕಿಲ್ಲ. ನೀರಿನ ಮೇಲೆ ನಡೆದ ಘಟನೆಗೆ ಪ್ರೊಟೆಸ್ಟ್‌ನ ಗಡುವು ಅಥವಾ ಘಟನೆಯಾಗಿ ಎರಡು ಗಂಟೆ, ಯಾವುದು ತಡವೋ ಅದು. ಫಲಿತಾಂಶದ ಹಾಳೆಯಲ್ಲಿ ಬರೀ ಬರವಣಿಗೆಯ ತಪ್ಪಿದ್ದರೆ ಮೊದಲು ಅಂಕ ಸರಿಯಿದೆಯೇ ನೋಡಿ ಎಂದು ಕೇಳುವ ಸ್ಕೋರಿಂಗ್ ಚೀಟಿ ಕೊಡಿ, ತನ್ನ ದಾಖಲೆಯಲ್ಲೇ ತಪ್ಪು ಕಂಡರೆ ಕಮಿಟಿ ಅದನ್ನು ತಿದ್ದಲೇಬೇಕು. ಆದರೆ ಉತ್ತರಕ್ಕೆ ಕಾಯುತ್ತಾ ರಿಡ್ರೆಸ್ ಗಡುವು ಕಳೆದುಕೊಳ್ಳಬೇಡಿ.

ಇನ್ನು ಪರಿಹಾರ. ಅದು ಅರ್ಜಿ ಹಾಕಿದವರಿಗಷ್ಟೇ ಅಲ್ಲ, ತೊಂದರೆಗೊಳಗಾದ ಎಲ್ಲ ದೋಣಿಗಳಿಗೂ ಆದಷ್ಟು ನ್ಯಾಯವಾಗಿರಬೇಕು. ರೇಸನ್ನೇ ರದ್ದು ಮಾಡಿ ಎಂದು ಕೇಳುವುದು ಸುಲಭ, ಆದರೆ ಚೆನ್ನಾಗಿ ಓಡಿಸಿ ಗೆದ್ದವರ ಪಾಲು ಅದರಲ್ಲಿ ಹೋಗುತ್ತದೆ. ಅರ್ಜಿಯ ವಿಚಾರಣೆ ನಡೆಸುವ ಪ್ರೊಟೆಸ್ಟ್ ಕಮಿಟಿ ಹಿಂಜರಿಯುವುದು ಅದಕ್ಕೇ. ಸಾಮಾನ್ಯವಾಗಿ ಕೊಡುವುದು ಸರಾಸರಿ ಅಂಕ. ಉಳಿದ ನಾಲ್ಕು ರೇಸುಗಳಲ್ಲಿ 3, 6, 4, 8 ಬಂದಿದ್ದರೆ ಒಟ್ಟು 21, ಸರಾಸರಿ 5.25, ಅದನ್ನು 5.3 ಎಂದು ಬರೆಯುತ್ತಾರೆ. ಅತಿ ಕೆಟ್ಟ ಅಂಕವೆಂದು ಒಟ್ಟಿನಿಂದ ಕೈಬಿಡಬಹುದಾದ 8 ಕೂಡ ಲೆಕ್ಕದೊಳಗೇ ಇದೆ, ಗಮನಿಸಿ. ಕೊನೆಯ ಮಾರ್ಕ್ (ದೋಣಿಗಳು ಸುತ್ತಬೇಕಾದ ಗುರುತು) ಸುತ್ತುವಾಗ ಎರಡನೆಯವರಾಗಿದ್ದು ಅಲ್ಲಿ ಕಮಿಟಿಯ ತಪ್ಪಿಗೆ ಸಿಕ್ಕಿಕೊಂಡವರು ಸರಾಸರಿಗೆ ಒಪ್ಪಬೇಕಿಲ್ಲ. ಘಟನೆಯ ಹೊತ್ತಿಗಿದ್ದ ಸ್ಥಾನದ ಅಂಕವನ್ನೇ ಕೇಳಬಹುದು, ಮಾರ್ಕ್ ಬಳಿಯಿದ್ದ ಬೇರೊಂದು ದೋಣಿಯ ಸಾಕ್ಷಿ ಜೊತೆಗಿರಲಿ.