ಹೋಂಸ್ಟೇ ಬೋರ್ಡಿನ ಓರೆ ಅಕ್ಷರ ಎಲ್ಲಿಂದ ಬಂತು?

ಸುಂಟಿಕೊಪ್ಪ ದಾಟಿ ಮಡಿಕೇರಿ ಕಡೆ ಹೋಗುವಾಗ ರಸ್ತೆ ಬದಿಯ ಹೋಂಸ್ಟೇ ಬೋರ್ಡುಗಳನ್ನು ಗಮನಿಸಿ. ಹೊಸದರಲ್ಲಿ ಎಷ್ಟೋ ಬೋರ್ಡಿನ ಇಂಗ್ಲಿಷ್ ಹೆಸರು ಬಲಕ್ಕೆ ವಾಲಿರುತ್ತದೆ. ಒಂದು ಗೆರೆ ದಪ್ಪ, ಪಕ್ಕದ್ದು ತೀರಾ ತೆಳು, ತುದಿಯಲ್ಲಿ ಪುಟ್ಟ ಕೊಕ್ಕೆ. ಕಾಫಿಪುಡಿ ಪ್ಯಾಕೆಟ್ಟು, ಮದುವೆ ಕಾರ್ಡುಗಳಲ್ಲೂ ಅದೇ. ಕೆಳಗೆ ಕನ್ನಡದ ಸಾಲಿದ್ದರೆ ಅದೂ ಓರೆಯೇ, ಆದರೆ ಯಾರೋ ಹಿಂದಿನಿಂದ ತಳ್ಳಿದ ಹಾಗೆ.

ಇಂಗ್ಲಿಷಿಗೆ ಒಪ್ಪಿದ್ದು ಕನ್ನಡಕ್ಕೆ ಯಾಕೆ ಒಪ್ಪಲಿಲ್ಲ? ಅದಕ್ಕೆ ಐನೂರು ವರ್ಷ ಹಿಂದೆ ಹೋಗಬೇಕು.

ಬಲಕ್ಕೆ ವಾಲಿದ ಈ ಅಕ್ಷರಕ್ಕೆ ಇಟ್ಯಾಲಿಕ್ ಅನ್ನುತ್ತಾರೆ. ಅದು ಹುಟ್ಟಿದ್ದು ವೆನಿಸ್‌ನಲ್ಲಿ. ಪ್ರಕಾಶಕ ಆಲ್ಡಸ್ ಮನೂಟಿಯಸ್ 1501ರಲ್ಲಿ ರೋಮನ್ ಕವಿ ವರ್ಜಿಲನ ಕಾವ್ಯವನ್ನು ಕೈಯಲ್ಲಿ ಹಿಡಿದು ಓದುವಂಥ ಸಣ್ಣ ಗಾತ್ರದಲ್ಲಿ ಅಚ್ಚು ಹಾಕಿಸಿದ. ಅದಕ್ಕೆ ಮೊಳೆ, ಅಂದರೆ ಅಚ್ಚಿನ ಲೋಹದ ಅಕ್ಷರ, ಕೆತ್ತಿದವನು ಫ್ರಾಂಚೆಸ್ಕೊ ಗ್ರಿಫೊ. ಓದುಬರಹ ಬಲ್ಲವರು ಸರಸರ ಬರೆಯುವಾಗಿನ ಕೈಬರಹವೇ ಅವನಿಗೆ ಮಾದರಿ. ಹಾಗಾಗಿ ಅಕ್ಷರಗಳ ಆಕಾರವೇ ಬದಲಾಯಿತು, ವಾಲಿದ್ದು ಅದರ ಜೊತೆಗೆ ಬಂತು. ಆ ಪುಸ್ತಕದಲ್ಲಿ ಕ್ಯಾಪಿಟಲ್ ಅಕ್ಷರಗಳು ನೆಟ್ಟಗೇ ನಿಂತಿದ್ದವು.

ದಪ್ಪ-ತೆಳುವಿನ ಈ ಪರಿ ಅಂತರ ಬಂದಿದ್ದು 18ನೇ ಶತಮಾನದಲ್ಲಿ. ಬರ್ಮಿಂಗ್‌ಹ್ಯಾಮ್‌ನ ಜಾನ್ ಬಾಸ್ಕರ್‌ವಿಲ್ ಮೊದಲು ಬರವಣಿಗೆ ಕಲಿಸುವ ಮೇಷ್ಟ್ರಾಗಿದ್ದವನು. 1757ರಲ್ಲಿ ಅವನೂ ವರ್ಜಿಲನನ್ನೇ ಅಚ್ಚು ಹಾಕಿದ. ನುಣುಪು ಕಾಗದ, ಕಡುಕಪ್ಪು ಶಾಯಿ, ಸಣ್ಣ ಗೆರೆ. ಇದನ್ನು ಓದಿದರೆ ಕಣ್ಣು ಹೋಗುತ್ತದೆ ಎಂದು ಗೊಣಗಿದವರಿದ್ದರು. ಅಂಥ ಒಬ್ಬನಿಗೆ ಅಮೆರಿಕದ ಬೆಂಜಮಿನ್ ಫ್ರಾಂಕ್ಲಿನ್ ತಮಾಷೆ ಮಾಡಿದ. ಕ್ಯಾಸ್ಲನ್ ಎಂಬ ಇನ್ನೊಬ್ಬನ ಮೊಳೆಯ ಮಾದರಿ ಹಾಳೆಯ ಮೇಲ್ಭಾಗ ಹರಿದು, ಬಾಸ್ಕರ್‌ವಿಲ್‌ನದು ಅಂತ ಹೇಳಿ ಕೈಗಿಟ್ಟ. ಆತ ಅದರಲ್ಲೇ ತಪ್ಪು ಎತ್ತಿ ತೋರಿಸತೊಡಗಿದ, ಕಣ್ಣು ನೋಯುತ್ತದೆ ಎಂದ! 1760ರಲ್ಲಿ ಫ್ರಾಂಕ್ಲಿನ್ ಇದನ್ನು ಬಾಸ್ಕರ್‌ವಿಲ್‌ಗೇ ಕಾಗದ ಬರೆದು ತಿಳಿಸಿದ. ಹೆಸರು ನೋಡಿ ಅಕ್ಷರ ಬಯ್ಯುವವರು ಈಗಲೂ ಇದ್ದಾರೆ, ಬಿಡಿ.

ಆಮೇಲೆ ಮೊಳೆ ಮಾಡುತ್ತಿದ್ದ ಪ್ಯಾರಿಸಿನ ದಿದೊ ಮನೆತನದವರು, ಇಟಲಿಯ ಪಾರ್ಮಾದ ಬೊದೋನಿ ತೆಳು ಗೆರೆಯನ್ನು ಇನ್ನೂ ತೆಳು ಮಾಡಿದರು. ಒತ್ತಿದರೆ ಅಗಲವಾಗುವ ಚೂಪು ನಿಬ್ಬು, ತಾಮ್ರದ ತಗಡಿನ ಕೆತ್ತನೆ ಆಗ ರೂಢಿಯಲ್ಲಿದ್ದವು. ಆ ರುಚಿ ಮೊಳೆಗೂ ಹತ್ತಿತು. ಇವತ್ತು ಪುಕ್ಕಟೆ ಸಿಗುವ ಪ್ಲೇಫೇರ್ ಡಿಸ್‌ಪ್ಲೇ, ಬೊದೋನಿ ಮೋಡಾ ಫಾಂಟುಗಳ ಮೂಲ ಈ ಕಾಲದ್ದೇ. ಇವು ಶೀರ್ಷಿಕೆಗೆ, ದೊಡ್ಡ ಗಾತ್ರಕ್ಕೆ ಅಂತ ಮಾಡಿದವು. ಕಾರ್ಡಿನ ಮೂಲೆಯ ವಿಳಾಸಕ್ಕೂ ಅದನ್ನೇ ಹಾಕಿದರೆ ತೆಳು ಗೆರೆ ಮಾಯ. ಕಡುಹಸಿರು ಹಿನ್ನೆಲೆಯಲ್ಲಿ ಬಿಳಿ ಅಕ್ಷರ ಬಿಟ್ಟರಂತೂ ಸುತ್ತಲಿನ ಶಾಯಿ ಹರಡಿ ಗೆರೆಯನ್ನೇ ನುಂಗುತ್ತದೆ. ಇನ್ನು ಜುಲೈ ಮಂಜಿನಲ್ಲಿ ಅಂಥ ಬೋರ್ಡು ಓದುವುದು ದೇವರಿಗೇ ಪ್ರೀತಿ.

ಕನ್ನಡ ಬಂದ ದಾರಿ ಬೇರೆ. ಓಲೆಗರಿಯ ಮೇಲೆ ಕಬ್ಬಿಣದ ಕಂಟ ಎಂಬ ಚೂಪು ಲೇಖನಿಯಿಂದ ಗೀರಿ ಮಸಿ ತೀಡುತ್ತಿದ್ದರು. ಆ ಗೆರೆಗೆ ದಪ್ಪ-ತೆಳು ಅಷ್ಟಾಗಿ ಇಲ್ಲ. ಜರ್ಮನ್ ಪಾದ್ರಿ ಹರ್ಮನ್ ಮೋಗ್ಲಿಂಗ್ 1843ರಲ್ಲಿ ಮಂಗಳೂರಿನಲ್ಲಿ ಶುರು ಮಾಡಿದ ಪತ್ರಿಕೆ ಕಲ್ಲಚ್ಚಿನದು, ಅಂದರೆ ಕೈಬರಹವೇ. (ಇದೇ ಮೋಗ್ಲಿಂಗ್ ಮುಂದೆ ಕೊಡಗಿಗೆ ಬಂದು ನೆಲೆಸಿ, 1855ರಲ್ಲಿ ಇಲ್ಲಿನ ಬಗ್ಗೆ ಇಂಗ್ಲಿಷಿನಲ್ಲಿ ಪುಸ್ತಕ ತಂದರು.) ಮೊಳೆ ಬಂದ ಮೇಲೆ ಖರ್ಚಿನ ಮಾತು. ಇಂಗ್ಲಿಷಿಗೆ 26 ದೊಡ್ಡವು, 26 ಚಿಕ್ಕವು, ಅಂಕಿ, ಚಿಹ್ನೆ ಕೆತ್ತಿದರೆ ಮುಗಿಯಿತು. ಕನ್ನಡಕ್ಕೆ ಕಾಗುಣಿತ, ಒತ್ತು ಎಲ್ಲ ಸೇರಿ ನೂರಾರು ಮೊಳೆ. ಒತ್ತಿ ಹೇಳಬೇಕಾದರೆ ದಪ್ಪ ಅಕ್ಷರ ಸಾಕಿತ್ತು. ಓರೆ ಮೊಳೆಯ ಗೋಜಿಗೆ ಯಾರು ಹೋಗುತ್ತಾರೆ? ಕೊಡವರ ಭಾಷೆ ಕೊಡವ ತಕ್ಕ್‌ಗೂ ಇದೇ ಲಿಪಿ. ನಡಿಕೇರಿಯಂಡ ಚಿಣ್ಣಪ್ಪನವರ ಕೊಡವ ಜನಪದ ಹಾಡುಗಳ ಸಂಗ್ರಹ 'ಪಟ್ಟೋಲೆ ಪಳಮೆ' 1924ರಲ್ಲಿ ಅಚ್ಚಾಗಿದ್ದೂ ಕನ್ನಡ ಅಕ್ಷರದಲ್ಲೇ.

ಓರೆ ಕನ್ನಡ ಸಲೀಸಾಗಿದ್ದು ಕಂಪ್ಯೂಟರ್ ಬಂದ ಮೇಲೆ. ಶ್ರೀಲಿಪಿ, ಬರಹ, ನುಡಿ, ಯಾವ ಫಾಂಟೇ ಇರಲಿ, ಓರೆ ಮಾಡುವ 'ಐ' ಗುಂಡಿ ಒತ್ತಿದರೆ ಆಯಿತು. ಆಗ ಸಾಮಾನ್ಯವಾಗಿ ಆಗುವುದು ಇಷ್ಟೇ: ನೆಟ್ಟಗಿನ ಅಕ್ಷರದ ತಲೆಯನ್ನು ಬಲಕ್ಕೆ ಎಳೆಯುತ್ತದೆ. 'ಸುಂಟಿಕೊಪ್ಪ' ಅಂತ ಟೈಪ್ ಮಾಡಿ ನೋಡಿ. ಕೊನೆಯ ಅಕ್ಷರದ ತಲೆಕಟ್ಟು ಬಲಕ್ಕೆ ಹೋಗುತ್ತದೆ, ಕೆಳಗಿನ ಒತ್ತು ಎಡಕ್ಕೆ ಜಾರುತ್ತದೆ. ಸೊನ್ನೆಯ ಗೆರೆ ಒಂದು ಮಗ್ಗುಲಲ್ಲಿ ಸಣ್ಣಗಾಗಿ ಇನ್ನೊಂದರಲ್ಲಿ ದಪ್ಪವಾಗುತ್ತದೆ. ಯಾವ ಕೈಯೂ ಹಾಗೆ ಬರೆಯುವುದಿಲ್ಲ. ಪ್ಲೇಫೇರ್‌ನಲ್ಲಂತೂ ಕನ್ನಡ ಅಕ್ಷರಗಳೇ ಇಲ್ಲ. ಟೆಂಪ್ಲೇಟಿನ ಇಂಗ್ಲಿಷ್ ಅಳಿಸಿ ಕನ್ನಡ ಹಾಕಿದರೆ ಬೇರೆ ಯಾವುದೋ ಫಾಂಟ್ ಬಂದು ಕೂರುತ್ತದೆ, ಅದನ್ನೇ ವಾಲಿಸಿ ತೋರಿಸುತ್ತದೆ.

ನನ್ನ ಕೇಳಿದರೆ ನಿಜವಾದ ಕನ್ನಡ ಇಟ್ಯಾಲಿಕ್ ಇದ್ದಿದ್ದು ಬೋರ್ಡು ಬರೆಯುವ ಪೇಂಟರ್‌ಗಳ ಕೈಯಲ್ಲಿ. ಚಪ್ಪಟೆ ಬ್ರಷ್ಷನ್ನು ಓರೆ ಹಿಡಿದರೆ ಎಳೆತಕ್ಕೊಂದು ಅಗಲ, ತಿರುವಿಗೊಂದು ಅಗಲ ತಾನಾಗಿ ಬರುತ್ತದೆ. ತಲೆಕಟ್ಟನ್ನು ಬೀಸಿ ಎಳೆದು, ಒತ್ತನ್ನು ಜಾಗ ನೋಡಿ ಕೂರಿಸುತ್ತಿದ್ದರು. ಫ್ಲೆಕ್ಸ್ ಬಂದು ಆ ಕೆಲಸ ಕಿತ್ತುಕೊಂಡಿತು. ಆ ಅಕ್ಷರಗಳಲ್ಲಿ ಹೆಚ್ಚಿನವು ಫಾಂಟ್ ಆಗಲೇ ಇಲ್ಲ.

ಈಗ ಗೂಗಲ್ ಫಾಂಟ್ಸ್‌ನಲ್ಲಿ ಟೈರೊ ಕನ್ನಡ ಇದೆ, ಅದಕ್ಕೆ ಇಟ್ಯಾಲಿಕ್ಕೂ ಇದೆ. ಆದರೆ ಅದು ಪುಸ್ತಕದ ಒಳಪುಟಕ್ಕೆ ಹೇಳಿ ಮಾಡಿಸಿದ್ದು, ಬೋರ್ಡಿಗಲ್ಲ. ಕಾರ್ಡು ಮಾಡಿಸುವವರು ಇಂಗ್ಲಿಷ್ ಓರೆಯೇ ಇರಲಿ ಅಂದರೂ ಕನ್ನಡವನ್ನು ನೆಟ್ಟಗೆ ಇಡಿಸಿ. ಒತ್ತಿಗೆ ಜಾಗ ಬೇಕು, ಸಾಲಿನ ನಡುವೆ ಸ್ವಲ್ಪ ಜಾಸ್ತಿ ಅಂತರ ಬಿಡಿಸಿ. ವಾಟ್ಸಾಪಿನಲ್ಲಿ ಬಂದ ಪ್ರೂಫ್ ದೊಡ್ಡದು ಮಾಡಿ ನೋಡಿ 'ಓಕೆ' ಅನ್ನಬೇಡಿ. ಕಾರ್ಡಿನ ಅಳತೆಯಲ್ಲೇ ಒಂದು ಪ್ರಿಂಟ್ ತೆಗೆಸಿ, ಮನೆಯ ಹಿರಿಯರ ಕೈಗೆ ಕೊಟ್ಟು ಓದಿಸಿ.